ಹ್ಯಾಂಡ್ ಬ್ಲೆಂಡರ್ ಜೊತೆ ನಾಲ್ಕು ವರ್ಷ: ಈರುಳ್ಳಿ ಆಲೂಗಡ್ಡೆ ಸೂಪಿಗೆ ಸೈ, ಚಟ್ನಿಗೆ ಬೇಡ

ನಾನು ಈ ಹ್ಯಾಂಡ್ ಬ್ಲೆಂಡರ್ ಕೊಂಡಿದ್ದು ಅಡುಗೆಯ ಹುಚ್ಚಿನಿಂದಲ್ಲ. ನಾಲ್ಕು ವರ್ಷದ ಹಿಂದೆ ಅಮ್ಮನಿಗೆ ಒಂದೇ ತಿಂಗಳಲ್ಲಿ ಆರು ಹಲ್ಲು ಕೀಳಿಸಬೇಕಾಯಿತು. ಬೆಳಿಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಗಂಜಿ, ರಾತ್ರಿ ಮತ್ತೆ ಗಂಜಿ. ಐದನೇ ದಿನಕ್ಕೆ "ನನಗೇನು ಜ್ವರ ಬಂದಿದೆಯಾ?" ಎಂದು ಬಟ್ಟಲು ಪಕ್ಕಕ್ಕೆ ಸರಿಸಿದರು. ಆಗ ಹೊಳೆದದ್ದು ಈರುಳ್ಳಿ ಆಲೂಗಡ್ಡೆ ಸೂಪು. ಮೆತ್ತಗಿರುತ್ತದೆ, ಹೊಟ್ಟೆ ತುಂಬುತ್ತದೆ, ಗಂಜಿ ಅಂತೂ ಅಲ್ಲ.

ಮೊದಲ ಸಲ ಮಿಕ್ಸಿಯಲ್ಲೇ ಮಾಡಿದೆ. ಕುದಿಯುತ್ತಿದ್ದದ್ದನ್ನು ಹಾಗೇ ಜಾರಿಗೆ ಸುರಿದು, ಮುಚ್ಚಳ ಒತ್ತಿ, ಸ್ವಿಚ್ ತಿರುಗಿಸಿದೆ. ಮುಚ್ಚಳ ಹಾರಿತು. ಬ್ಲೇಡು ತಿರುಗಿದ ಕೂಡಲೇ ಬಿಸಿ ಸೂಪಿನಿಂದ ಒಮ್ಮೆಲೇ ಆವಿ ಏಳುತ್ತದೆ, ಬಿಗಿಯಾಗಿ ಮುಚ್ಚಿದ ಜಾರಿನಲ್ಲಿ ಅದು ಹೋಗುವುದಾದರೂ ಎಲ್ಲಿಗೆ? ಗೋಡೆಗೆ, ಕ್ಯಾಲೆಂಡರಿಗೆ, ನನ್ನ ಮುಂಗೈಗೆ. ಕ್ಯಾಲೆಂಡರಿನ ಕಲೆ ವರ್ಷ ಮುಗಿಯುವವರೆಗೂ ಇತ್ತು. ಆ ವಾರವೇ ಬ್ಲೆಂಡರ್ ಆರ್ಡರ್ ಮಾಡಿದೆ.

ಕಂಪನಿಯ ಹೆಸರು ಬರೆಯುವುದಿಲ್ಲ. 600 ವ್ಯಾಟ್, ಎರಡು ಸ್ಪೀಡು, ಬಿಚ್ಚಬಹುದಾದ ಸ್ಟೀಲ್ ರಾಡು, ಜೊತೆಗೊಂದು ಪ್ಲಾಸ್ಟಿಕ್ ಲೋಟ. ಆಗ 2,100 ರೂಪಾಯಿ. ಡಬ್ಬಿ ಬಿಚ್ಚಿದಾಗ ಅಮ್ಮ ಅದನ್ನು ತಿರುಗಿಸಿ ನೋಡಿ, "ಓ, ಕರೆಂಟಿನ ಕಡಗೋಲು" ಎಂದರು. ನಗಬೇಡಿ, ಮಾತು ಸರಿಯಾಗಿಯೇ ಇದೆ. ಸ್ವಿಟ್ಜರ್ಲೆಂಡಿನ ರೋಜರ್ ಪೆರಿಂಜಾಕೆ 1950ರಲ್ಲಿ ಇಂಥ ಯಂತ್ರಕ್ಕೆ ಪೇಟೆಂಟ್ ಮಾಡಿಸಿದಾಗ ಅದಕ್ಕೆ ಬಂದ ಹೆಸರು ಬಾಮಿಕ್ಸ್. ಫ್ರೆಂಚಿನಲ್ಲಿ ಬಡಿಯುವುದು, ಬೆರೆಸುವುದು ಎಂಬ ಎರಡು ಮಾತು ಸೇರಿಸಿ ಕಟ್ಟಿದ್ದು. ಕಡಗೋಲು ಮಾಡುವುದೂ ಅದನ್ನೇ ಅಲ್ವಾ?

ಹೊಸ ಯಂತ್ರ ಬಂದ ಖುಷಿಯಲ್ಲಿ ಮಾಡಿದ ಮೊದಲ ಸೂಪು ಕೆಟ್ಟುಹೋಯಿತು. ತಪ್ಪು ಬ್ಲೆಂಡರಿನದಲ್ಲ, ನನ್ನದು. ನುಣ್ಣಗೆ ಆಗಲಿ, ಇನ್ನೂ ನುಣ್ಣಗೆ ಆಗಲಿ ಎಂದು ಜೋರು ಸ್ಪೀಡಿನಲ್ಲಿ ಎರಡು ಮೂರು ನಿಮಿಷ ಓಡಿಸಿದೆ. ಪಾತ್ರೆಯಲ್ಲಿ ಕೊನೆಗೆ ಉಳಿದದ್ದು ಗೋಡೆಗೆ ಪೋಸ್ಟರ್ ಅಂಟಿಸುವ ಮೈದಾ ಗೋಂದು. ಸೌಟು ಎತ್ತಿದರೆ ಎಳೆ ಎಳೆಯಾಗಿ ಇಳಿಯಿತು. ಬೇಯುವಾಗ ಆಲೂಗಡ್ಡೆಯ ಒಳಗಿನ ಪಿಷ್ಟ ನೀರು ಕುಡಿದು ಉಬ್ಬಿ ಕೂತಿರುತ್ತದೆ. ಮೆಲ್ಲಗೆ ಮಸೆದರೆ ಬಹುಪಾಲು ಒಳಗೇ ಉಳಿಯುತ್ತದೆ, ಕೆನೆಯಂತೆ ಇರುತ್ತದೆ. ವೇಗದ ಬ್ಲೇಡು ಅದನ್ನೆಲ್ಲ ಕೊಯ್ದು ಹೊರಗೆ ಚೆಲ್ಲುತ್ತದೆ. ಆಮೇಲೆ ಅದು ಅಂಟೇ. ಹಾಲು ಹಾಕಿದರೂ, ನೀರು ಹಾಕಿದರೂ ತೆಳ್ಳಗಿನ ಅಂಟಾಗುತ್ತದೆ ಅಷ್ಟೆ. ಈರುಳ್ಳಿಗೆ ಈ ಕಾಟ ಇಲ್ಲ. ಅದನ್ನು ಎಷ್ಟು ತಿರುವಿದರೂ ನಡೆಯುತ್ತದೆ.

ಇದು ತಲೆಗೆ ಹತ್ತಲು ನನಗೆ ಒಂದು ಕರೆಂಟ್ ಕಟ್ ಬೇಕಾಯಿತು. ಎಲ್ಲ ಬೆಂದಿದೆ, ರಾಡು ಸೂಪಿನೊಳಗಿದೆ, ಐದಾರು ಸೆಕೆಂಡು ಓಡಿದೆ, ಕರೆಂಟ್ ಹೋಯಿತು. ಅಮ್ಮ ಸುಮ್ನೆ ಎದ್ದು ಬಂದು, ಬೇಳೆ ಮಸೆಯುವ ಮರದ ಕಡಗೋಲು ತೆಗೆದು, ಅಂಗೈಗಳ ನಡುವೆ ಹಿಡಿದು ನಾಲ್ಕು ಸಲ ಆಡಿಸಿದರು. ಅವತ್ತಿನ ಸೂಪಿನಷ್ಟು ಚೆನ್ನಾಗಿರುವುದನ್ನು ಅಲ್ಲಿಯವರೆಗೆ ನಾನು ಮಾಡಿರಲಿಲ್ಲ.

ಆವತ್ತಿನಿಂದ ನನ್ನ ಪದ್ಧತಿ ಹೀಗೆ. ನಾಲ್ಕು ಜನಕ್ಕೆ 300 ಗ್ರಾಂ ಈರುಳ್ಳಿ, 400 ಗ್ರಾಂ ಆಲೂಗಡ್ಡೆ. ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ, ಒಂದೂವರೆ ಚಮಚ ಬೆಣ್ಣೆ, ಚಿಟಿಕೆ ಉಪ್ಪು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 15 ನಿಮಿಷ ಬಿಡುತ್ತೇನೆ. ಉಪ್ಪು ಈರುಳ್ಳಿಯ ನೀರನ್ನು ಹೊರಗೆಳೆಯುತ್ತದೆ, ಅದೇ ನೀರಿನಲ್ಲಿ ಅದು ಬೇಯುತ್ತದೆ. ಕೆಂಪಾಗಬಾರದು. ಕೆಂಪಾದರೆ ಅದೂ ರುಚಿಯೇ, ಆದರೆ ಅದು ಬೇರೆ ಸೂಪು. ಈ ಹದಿನೈದು ನಿಮಿಷದಲ್ಲಿ ಅವಸರ ಮಾಡಿದರೆ ಹಸಿ ಈರುಳ್ಳಿಯ ಘಾಟು ಕೊನೆಯವರೆಗೂ ಹೋಗುವುದಿಲ್ಲ. ಆಮೇಲೆ ಆಲೂಗಡ್ಡೆ ಹೋಳು, 700 ಮಿಲಿ ನೀರು. ಚಾಕು ಚುಚ್ಚಿದರೆ ಹೋಳು ಮುರಿಯುವಷ್ಟು ಬೇಯಿಸಿ. ಹೋಳುಗಳಲ್ಲಿ ಅರ್ಧದಷ್ಟನ್ನು ಜಾಲರಿ ಸೌಟಿನಲ್ಲಿ ಎತ್ತಿ ಪಕ್ಕಕ್ಕಿಡಿ. ಒಲೆ ಆರಿಸಿ, ಉಳಿದದ್ದಕ್ಕೆ ಬ್ಲೆಂಡರ್ ಹಾಕಿ ಕಡಿಮೆ ಸ್ಪೀಡಿನಲ್ಲಿ, ಬಿಟ್ಟು ಬಿಟ್ಟು, ಒಟ್ಟು 20 ಸೆಕೆಂಡು. ಎತ್ತಿಟ್ಟ ಹೋಳನ್ನು ಕಡಗೋಲಿನಲ್ಲಿ ಮಸೆದು ವಾಪಸ್ ಹಾಕಿ. ಕೊನೆಗೆ ಒಂದು ಸಣ್ಣ ಲೋಟ ಬಿಸಿ ಹಾಲು. ಹಾಲು ಹಾಕಿದ ಮೇಲೆ ಕುದಿಸಬೇಡಿ. ನಾನು ಫ್ರೆಶ್ ಕ್ರೀಮ್ ಹಾಕುವುದನ್ನು ಎರಡನೇ ವರ್ಷವೇ ಬಿಟ್ಟೆ. ಕೆನೆಯ ಕೆಲಸವನ್ನು ಆಲೂಗಡ್ಡೆಯೇ ಮಾಡುತ್ತದೆ. ನಂದಿನಿ ನೀಲಿ ಪ್ಯಾಕೆಟ್ ಸಾಕು.

ಮೇಲಕ್ಕೆ ಏನು? ಪುಸ್ತಕದಲ್ಲಿ ಹೇಳುವ ಹಸಿರು ಸೊಪ್ಪಿನ ಅಲಂಕಾರ ನಮ್ಮ ಮನೆಯಲ್ಲಿ ನಡೆಯಲಿಲ್ಲ. "ಒಗ್ಗರಣೆ ಇಲ್ಲದ್ದು ರೋಗಿಯ ಊಟ" ಎನ್ನುವುದು ಅಮ್ಮನ ನಿಲುವು. ತುಪ್ಪದಲ್ಲಿ ಜೀರಿಗೆ, ಕುಟ್ಟಿದ ಮೆಣಸು. ನಾನೂ ಈಗ ಹಾಗೇ ತಿನ್ನುತ್ತೇನೆ.

ಆಲೂಗಡ್ಡೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ನಮ್ಮೂರು ಹಾಸನದ ಕಡೆ. ಅಲ್ಲಿ ಪಂಜಾಬಿನ ಜಲಂಧರಿನಿಂದ ಬಿತ್ತನೆ ಗಡ್ಡೆ ತರಿಸಿ ಮುಂಗಾರಿಗೆ ಹಾಕುತ್ತಾರೆ. ಕುಫ್ರಿ ಜ್ಯೋತಿ ತಳಿ ಅಲ್ಲಿ ಮನೆಮಾತು. ಗಿಡ ಕೊಳೆಸುವ ಅಂಗಮಾರಿ ರೋಗ ಬಂದ ವರ್ಷ ರೈತರ ಮುಖ ನೋಡಲಾಗುವುದಿಲ್ಲ. ಆಗಷ್ಟೇ ಕಿತ್ತ ಹೊಸ ಗಡ್ಡೆಯಲ್ಲಿ ನೀರು ಜಾಸ್ತಿ, ಸಿಪ್ಪೆ ಉಗುರಿಗೇ ಬರುತ್ತದೆ. ಪಲ್ಯಕ್ಕೆ ಅದು ಚಿನ್ನ, ಹೋಳು ಒಡೆಯುವುದಿಲ್ಲ. ಸೂಪಿಗೆ ಸ್ವಲ್ಪ ಹಳೆಯದು, ಬೆಂದರೆ ಹಿಟ್ಟು ಹಿಟ್ಟಾಗಿ ಬಿರಿಯುವುದು ಬೇಕು. ಫ್ರಿಜ್ಜಿನಲ್ಲಿಟ್ಟದ್ದು ಮಾತ್ರ ಬೇಡ. ಚಳಿಗೆ ಪಿಷ್ಟ ಸಕ್ಕರೆಯಾಗಿ ಸೂಪು ಸಿಹಿ ಹೊಡೆಯುತ್ತದೆ. ಈರುಳ್ಳಿ ಯಾವುದಾದರೂ ಸರಿ. ನಮ್ಮ ಕೆಂಪು ಈರುಳ್ಳಿ ಹಾಕಿದರೆ ಬಣ್ಣ ಸ್ವಲ್ಪ ಮಾಸಲು, ಅದಕ್ಕೆ ಹೊರಗಿನ ಗಾಢ ಪದರ ಒಂದನ್ನು ಸಾರಿಗೆ ಎತ್ತಿಡುತ್ತೇನೆ.

ಒಂದು ಬೇಸಿಗೆಯಲ್ಲಿ ಇದನ್ನೇ ತಣ್ಣಗೆ ಮಾಡಿಕೊಟ್ಟೆ. ನ್ಯೂಯಾರ್ಕಿನ ರಿಟ್ಜ್ ಕಾರ್ಲ್‌ಟನ್ ಹೋಟೆಲಿನಲ್ಲಿದ್ದ ಫ್ರಾನ್ಸಿನ ಬಾಣಸಿಗ ಲೂಯಿ ದಿಯಾ 1917ರಲ್ಲಿ ಇಂಥದ್ದೊಂದು ತಣ್ಣನೆ ಸೂಪು ಮಾಡಿದ್ದ, ಅದಕ್ಕೆ ವಿಶಿಸ್ವಾಸ್ ಎಂದು ಹೆಸರಿಟ್ಟಿದ್ದ. ಅದರಲ್ಲಿ ಈರುಳ್ಳಿಯ ನೆಂಟ ಲೀಕ್ ಹಾಕುತ್ತಾರೆ. ಚಿಕ್ಕವನಿದ್ದಾಗ ಅಮ್ಮ ಮಾಡಿದ ಬಿಸಿ ಸೂಪಿಗೆ ತಣ್ಣನೆ ಹಾಲು ಸುರಿದುಕೊಂಡು ಕುಡಿಯುತ್ತಿದ್ದ ನೆನಪಿನಿಂದ ಅದು ಹುಟ್ಟಿತಂತೆ. ಈ ಕತೆಯನ್ನೆಲ್ಲ ಹೇಳಿ ಬಟ್ಟಲು ಮುಂದಿಟ್ಟೆ. ಅಮ್ಮ ಒಂದು ಚಮಚ ಕುಡಿದು, "ಕತೆ ಚೆನ್ನಾಗಿದೆ, ಇದನ್ನು ಬಿಸಿ ಮಾಡಿಕೊಂಡು ಬಾ" ಎಂದರು.

ಈಗ ಯಂತ್ರದ ಗೋಳು. ಲೋಟ ಎಂಟೇ ತಿಂಗಳಿಗೆ ಸೀಳಿತು. ಬಿಸಿ ಸೂಪು ಹಾಕಿದ್ದೆ, ಹಾಕಬಾರದಂತೆ, ಕೈಪಿಡಿಯಲ್ಲಿ ಸಣ್ಣಕ್ಷರದಲ್ಲಿದೆ. ಎರಡನೇ ವರ್ಷ ಮೋಟರಿಗೂ ರಾಡಿಗೂ ನಡುವಿನ ಪ್ಲಾಸ್ಟಿಕ್ ಜೋಡಣೆ ಸವೆದು, ಮೋಟರ್ ಮಾತ್ರ ತಿರುಗತೊಡಗಿತು, ಬ್ಲೇಡು ನಿಂತಿತು. ಸರ್ವೀಸ್ ಸೆಂಟರಿನಲ್ಲಿ ಮೂರು ವಾರ ಇಟ್ಟುಕೊಂಡು, ಬಿಡಿಭಾಗ ಬರುವುದಿಲ್ಲ, ಹೊಸದು ತಗೊಳ್ಳಿ ಎಂದರು. ನಮ್ಮ ಬೀದಿಯ ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಹಳೆಯ ಮಿಕ್ಸಿಯದ್ದೊಂದನ್ನು ಉಜ್ಜಿ ಕೂರಿಸಿದರು. 150 ರೂಪಾಯಿ. ಇವತ್ತಿಗೂ ಓಡುತ್ತಿದೆ. ವಯರು ಗಿಡ್ಡ, ಒಲೆಯ ಹತ್ತಿರ ಪ್ಲಗ್ ಪಾಯಿಂಟ್ ಇಲ್ಲದಿದ್ದರೆ ಪಾತ್ರೆಯನ್ನೇ ಹೊತ್ತುಕೊಂಡು ಹೋಗಬೇಕು. ಒಂದು ನಿಮಿಷ ಓಡಿಸಿದರೆ ತಣಿಯಲು ಬಿಡಬೇಕು. ಬಿಡದೆ ದೋಸೆ ಹಿಟ್ಟು ರುಬ್ಬಲು ಹೋಗಿ ಸುಟ್ಟ ವಾಸನೆ ಬರಿಸಿಕೊಂಡಿದ್ದೇನೆ. ಕಾಯಿ ಚಟ್ನಿಯಂತೂ ಆಗುವುದೇ ಇಲ್ಲ. ತೆಂಗಿನ ತುರಿ ಬ್ಲೇಡಿನ ಸುತ್ತ ಸುತ್ತಾಡುತ್ತದೆ, ನುಣ್ಣಗಾಗುವುದಿಲ್ಲ. ಮಿಕ್ಸಿ ಮಾರಿ ಇದನ್ನು ಕೊಳ್ಳಬೇಡಿ.

ಮಜ್ಜಿಗೆ, ಟೊಮೆಟೊ ಸೂಪು, ಪಾಲಕ್, ಬೇಳೆ ಇವಕ್ಕೆಲ್ಲ ಬಹಳ ಒಳ್ಳೆಯದು. ತೊಳೆಯುವುದು ಸುಲಭ. ಸೋಪಿನ ನೀರಿನಲ್ಲಿ ಐದು ಸೆಕೆಂಡು ಓಡಿಸಿ, ಪ್ಲಗ್ ಕಿತ್ತು, ಆಮೇಲೆ ಬೆರಳು ಹಾಕಿ. ಪ್ಲಗ್ ಕೀಳುವುದನ್ನು ಮಾತ್ರ ಮರೆಯಬೇಡಿ. ರಾಡಿನ ಬಾಯಿ ಸೂಪಿನಲ್ಲಿ ಪೂರ್ತಿ ಮುಳುಗಿದ ಮೇಲೆಯೇ ಸ್ವಿಚ್ ಒತ್ತಿ, ನಿಲ್ಲಿಸಿದ ಮೇಲೆಯೇ ಎತ್ತಿ. ಇಲ್ಲದಿದ್ದರೆ ಕ್ಯಾಲೆಂಡರ್ ಕತೆ ಮತ್ತೆ ಶುರು. ಅಗಲ ಬಾಣಲೆ ಬೇಡ, ಆಳದ ಸ್ಟೀಲ್ ಪಾತ್ರೆ ಇರಲಿ. ನಾನ್‌ಸ್ಟಿಕ್ಕಿನ ಹತ್ತಿರವೂ ತರಬೇಡಿ, ನನ್ನದೊಂದು ಹೋಯಿತು. ಇಬ್ಬರಿಗಾಗುವಷ್ಟು ಸ್ವಲ್ಪವೇ ಸೂಪಿದ್ದರೆ ಪಾತ್ರೆ ಒಂದು ಕಡೆ ವಾಲಿಸಿ ಹಿಡಿಯಬೇಕು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಈಗ ಕೊಳ್ಳುವುದಾದರೆ ವ್ಯಾಟ್ ನೋಡುವುದಿಲ್ಲ, ಸೂಪಿಗೆ ಜೋರು ಸ್ಪೀಡು ಬೇಕೇ ಇಲ್ಲ. ರಾಡು ಸ್ಟೀಲಿನದೇ, ಜೋಡಣೆ ಗಟ್ಟಿಯೇ, ಬಿಡಿಭಾಗ ಊರಿನಲ್ಲಿ ಸಿಗುತ್ತದೆಯೇ ಎಂದು ಮೊದಲು ಕೇಳುತ್ತೇನೆ.

ಈ ತಿಂಗಳಿನಿಂದ ರಾಡಿನೊಳಗೆ ಕರಕರ ಸದ್ದು ಬರುತ್ತಿದೆ. ಬೇರಿಂಗ್ ಇರಬೇಕು. ರಿಪೇರಿ ಅಂಗಡಿಯವರು ದೀಪಾವಳಿ ಕಳೆದ ಮೇಲೆ ತನ್ನಿ ಎಂದಿದ್ದಾರೆ. ಅಲ್ಲಿಯವರೆಗೆ ಮರದ ಕಡಗೋಲು.