ಪಾಪ್-ಅಪ್ ಕಾಟಕ್ಕೆ ಮೂರು ಮದ್ದು: ಯಾವ ಫೋನಿಗೆ ಯಾವುದು?

ಆಂಡ್ರಾಯ್ಡ್ ಫೋನಿನಲ್ಲಿ ಅಡಿಕೆ ಧಾರಣೆ ನೋಡೋಣ ಅಂತ ಒಂದು ಪುಟ ತೆರೆದರೆ ಮೇಲೂ ಜಾಹೀರಾತು, ಕೆಳಗೂ ಜಾಹೀರಾತು. ಮುಚ್ಚುವ ಗುರುತು ಮಾತ್ರ ಸಾಸಿವೆ ಕಾಳಿನಷ್ಟು.

ಕ್ರೋಮ್‌ನಲ್ಲೇ ಇರುವ ತಡೆ ಸುಲಭ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಸೈಟ್ ಸೆಟ್ಟಿಂಗ್ಸ್‌ನಲ್ಲಿ ‘ಪಾಪ್-ಅಪ್ಸ್ ಅಂಡ್ ರೀಡೈರೆಕ್ಟ್ಸ್’ ಬ್ಲಾಕ್ ಆಗಿರಬೇಕು, ಅಷ್ಟೇ. ಆದರೆ ಅದು ತಡೆಯುವುದು ತಾನಾಗಿ ತೆರೆದುಕೊಳ್ಳುವ ಟ್ಯಾಬ್‌ಗಳನ್ನು. ಪುಟದೊಳಗೇ ತೇಲಿ ಬರುವ ಚೌಕಗಳನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಇನ್ನೊಂದು ಮಾತು: ಬ್ರೌಸರ್ ಮುಚ್ಚಿದ ಮೇಲೂ ಕ್ರೋಮ್ ಹೆಸರಿನಲ್ಲಿ ‘ಫೋನಿಗೆ ವೈರಸ್ ಬಂದಿದೆ’ ಅಂತ ಬರುತ್ತಿದ್ದರೆ ಅದು ಪಾಪ್-ಅಪ್ ಅಲ್ಲ. ಯಾವತ್ತೋ ‘ಅಲೋ’ (Allow) ಒತ್ತಿದ ಸೈಟಿನ ನೋಟಿಫಿಕೇಶನ್. ಸೈಟ್ ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ಸ್ ಪಟ್ಟಿಯಲ್ಲಿ ಆ ಸೈಟನ್ನು ಬ್ಲಾಕ್ ಮಾಡಿ. ಯಾವ ದಾರಿ ಹಿಡಿದರೂ ಮೊದಲು ಈ ಕೆಲಸ ಮಾಡಿ.

ಫೈರ್‌ಫಾಕ್ಸ್ ಬ್ರೌಸರ್ ಹಾಕಿಕೊಂಡು ಅದಕ್ಕೆ ಯುಬ್ಲಾಕ್ ಒರಿಜಿನ್ ಎಂಬ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಜೋಡಿಸುವ ಪುಟ್ಟ ತಂತ್ರಾಂಶ) ಸೇರಿಸುವುದು ಎರಡನೆಯ ದಾರಿ. ನನ್ನ ಓಟು ಇದಕ್ಕೇ. ಆಂಡ್ರಾಯ್ಡ್‌ನ ಕ್ರೋಮ್‌ಗೆ ಇಂಥ ಎಕ್ಸ್‌ಟೆನ್ಶನ್ ಹಾಕಲು ಆಗುವುದಿಲ್ಲ. ದುಡ್ಡು ಕೊಡಬೇಕಿಲ್ಲ, ಪುಟಗಳೂ ಬೇಗ ತೆರೆಯುತ್ತವೆ. ಕೆಲವು ಸೈಟುಗಳು ‘ಬ್ಲಾಕರ್ ತೆಗೆಯಿರಿ’ ಅಂತ ಹಟ ಹಿಡಿಯುತ್ತವೆ. ಜಾಹೀರಾತಿನಿಂದಲೇ ಬದುಕುವ ಒಳ್ಳೆಯ ಸೈಟ್ ಇದ್ದರೆ ಅದೊಂದಕ್ಕೆ ಬ್ಲಾಕರ್ ಆಫ್ ಮಾಡಬಹುದು.

ಮೂರನೆಯದು ಪ್ರೈವೇಟ್ ಡಿಎನ್‌ಎಸ್. ಅಂದರೆ ಸೈಟಿನ ಹೆಸರು ಕೊಟ್ಟರೆ ಅದರ ಇಂಟರ್ನೆಟ್ ವಿಳಾಸ ಹುಡುಕಿಕೊಡುವ ಸೇವೆಯನ್ನು ನಾವೇ ಆರಿಸುವ ಸೆಟ್ಟಿಂಗ್. ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸದರಲ್ಲಿ, ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಅಲ್ಲಿ ಜಾಹೀರಾತು ತಡೆಯುವ ಆಡ್‌ಗಾರ್ಡ್‌ನಂಥ ಸೇವೆಯ ವಿಳಾಸ ಕೊಟ್ಟರೆ ಗೇಮ್ ಆ್ಯಪ್‌ಗಳ ಜಾಹೀರಾತೂ ಬಹಳಷ್ಟು ನಿಲ್ಲುತ್ತದೆ. ಯೂಟ್ಯೂಬ್ ಜಾಹೀರಾತು ಮಾತ್ರ ಜಗ್ಗಲ್ಲ. ನೀವು ಯಾವ ಸೈಟಿಗೆ ಹೋಗುತ್ತೀರಿ ಅನ್ನೋದು ಆ ಸೇವೆಯವರಿಗೆ ಕಾಣುತ್ತದೆ, ಅದೂ ಗೊತ್ತಿರಲಿ. ಬ್ರೌಸರ್ ಬದಲಿಸಲು ಒಪ್ಪದ ಅಪ್ಪ-ಅಮ್ಮನ ಫೋನಿಗೆ ಇದೇ ವಾಸಿ.