ಮೊಣಕಾಲಿನ ಚಲನೆ ಅಳೆಯಲು ಯಾವುದು: ಮೊಬೈಲ್ ವಿಡಿಯೋ, ಸೆನ್ಸರ್, ಮಾರ್ಕರ್ ಲ್ಯಾಬ್?

ನಡೆಯುವಾಗ ಮೊಣಕಾಲು ಎಷ್ಟು ಮಡಚುತ್ತದೆ (ಆರೋಗ್ಯವಂತರಲ್ಲಿ ಸುಮಾರು 60 ಡಿಗ್ರಿ) ಎಂಬುದಷ್ಟೇ ಬೇಕಿದ್ದರೆ ಮೊಬೈಲ್ ಸಾಕು. ಸೊಂಟದ ಪಕ್ಕದ ಮೂಳೆಯುಬ್ಬು, ಮೊಣಕಾಲಿನ ಹೊರಬದಿ, ಹಿಮ್ಮಡಿ ಮೇಲಿನ ಹೊರಗಂಟು, ಈ ಮೂರಕ್ಕೂ ಬಣ್ಣದ ಸ್ಟಿಕರ್ ಅಂಟಿಸಿ. ಮೊಬೈಲನ್ನು 4–5 ಮೀಟರ್ ದೂರದಲ್ಲಿ, ಮೊಣಕಾಲಿನ ಎತ್ತರಕ್ಕೆ, ನಡೆಯುವ ದಾರಿಗೆ ಲಂಬವಾಗಿ ಟ್ರೈಪಾಡ್ ಮೇಲಿಡಿ. ಓರೆಯಾದರೆ ಕೋನವೇ ತಪ್ಪು. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಎರಡು ಫ್ರೇಮ್‌ಗಳ ನಡುವೆ 33 ಮಿಲಿಸೆಕೆಂಡ್ ಹೋಗುತ್ತದೆ, ಹಿಮ್ಮಡಿ ನೆಲ ಮುಟ್ಟುವ ಕ್ಷಣ ಕೈತಪ್ಪಬಹುದು. 240ರಲ್ಲಿ ತೆಗೆಯಿರಿ. ಆ ಫೈಲನ್ನು ಸಾಫ್ಟ್‌ವೇರ್ 30 ಎಂದು ಓದಿದರೆ ವೇಗ 8ರಲ್ಲೊಂದು ಪಾಲು, ವೇಗೋತ್ಕರ್ಷ 64ರಲ್ಲೊಂದು ಪಾಲು ಮಾತ್ರ ಬರುತ್ತದೆ. ಇದನ್ನು ಮೊದಲು ನೋಡಿ.

ಮೈದಾನದಲ್ಲಿ ದೀರ್ಘ ಓಟ ಅಳೆಯಬೇಕೇ? ತೊಡೆಗೊಂದು, ಮೊಣಕಾಲಿನ ಕೆಳಗೊಂದು ಚಲನೆ ಅಳೆಯುವ ಸೆನ್ಸರ್ ಕಟ್ಟಿ. ಅದರೊಳಗೆ ತಿರುಗುವ ವೇಗ ಅಳೆಯುವ ಗೈರೊಸ್ಕೋಪ್ ಲೆಕ್ಕ ಹೊತ್ತು ಕಳೆದಂತೆ ನಿಧಾನಕ್ಕೆ ನಿಜದಿಂದ ಜಾರುತ್ತದೆ. ಟ್ರೆಡ್‌ಮಿಲ್ ಮೋಟರು, ಕಬ್ಬಿಣದ ತೊಲೆ ಹತ್ತಿರವಿದ್ದರೆ ಅದರಲ್ಲಿ ದಿಕ್ಸೂಚಿಯಂತೆ ಕೆಲಸ ಮಾಡುವ ಮ್ಯಾಗ್ನೆಟೊಮೀಟರ್ ದಿಕ್ಕು ತಪ್ಪುತ್ತದೆ.

ಮೊಣಕಾಲು ಒಳಕ್ಕೆ ವಾಲುವುದು, ತಿರುಚುವುದು ಮುಖ್ಯವಾದರೆ ಲ್ಯಾಬಿಗೇ ಹೋಗಿ. ಅಲ್ಲಿ ಚರ್ಮಕ್ಕೆ ಅಂಟಿಸುವ ಪ್ರತಿ ಮಾರ್ಕರನ್ನೂ (ಬೆಳಕು ಪ್ರತಿಫಲಿಸುವ ಪುಟ್ಟ ಗುಂಡು) ಕನಿಷ್ಠ 2 ಕ್ಯಾಮೆರಾ ಕಾಣುತ್ತಿರಬೇಕು. ಮಾರ್ಕರ್ ಇರುವ ಜಾಗ ಮಿಲಿಮೀಟರ್‌ಗಿಂತ ನಿಖರವಾಗಿ ಸಿಕ್ಕರೂ ತೊಡೆಯ ಚರ್ಮ ಮೂಳೆಯ ಮೇಲೆ ಸೆಂಟಿಮೀಟರ್‌ಗಟ್ಟಲೆ ಸರಿಯುತ್ತದೆ. ಹಾಗಾಗಿ ಮಡಚುವ ಕೋನವನ್ನು ನಂಬಿದಷ್ಟು ತಿರುಚುವ ಕೋನವನ್ನು ನಂಬಬೇಡಿ.