ಎರಡು ವರ್ಷ ಬಳಸಿದ ಚಲನ್ ಆಪ್: ನೋಡೋಕೆ ಸರಿ, ಕಟ್ಟೋಕೆ ಬೇಡ

ಭಾನುವಾರ ಬೆಳಗ್ಗೆ ಎರಡನೇ ಲೋಟ ಕಾಫಿ ಮುಗಿದ ಮೇಲೆ ನಾನು ಕನ್ನಡಕ ಏರಿಸಿಕೊಂಡು ಈ ಆಪ್ ತೆರೆಯುತ್ತೇನೆ. ನಮ್ಮ ಹಾಸನದ ಕೆಎ-13 ನಂಬರ್ ಮೇಲೆ ಒತ್ತುತ್ತೇನೆ. ಚಕ್ರ ಸುತ್ತುತ್ತದೆ. ಅಡುಗೆಮನೆಯಿಂದ ಹೆಂಡತಿ ಕೇಳುತ್ತಾಳೆ, "ಏನಾದ್ರೂ ಬಂತಾ ರೀ?" ಲಾಟರಿ ರಿಸಲ್ಟ್ ಕೇಳಿದ ಹಾಗೆ. "ಏನಿಲ್ಲ" ಅಂದರೆ ನಿಂತಿದ್ದ ಸೌಟಿನ ಸದ್ದು ಮತ್ತೆ ಶುರು.

ಗಾಡಿ ಮೇಲಿರುವ ದಂಡ, ಇನ್ಶೂರೆನ್ಸ್, ಎಮಿಷನ್ ತಾರೀಕು ತೋರಿಸುವ ಖಾಸಗಿ ಆಪ್ ಇದು. ಹೆಸರು ಹಾಕಲ್ಲ. ಬೈಯೋದು ಜಾಸ್ತಿ ಇದೆ, ಸುಮ್ನೆ ತಕರಾರು ಯಾಕೆ.

ನಮ್ಮದು ಸೆಕೆಂಡ್ ಹ್ಯಾಂಡ್ ವ್ಯಾಗನಾರ್. ಆಲೂರಿನವರೊಬ್ಬರಿಂದ ಕೊಂಡಿದ್ದು. ಆರ್‌ಸಿ ನನ್ನ ಹೆಸರಿಗಾಯಿತು, ಅದಕ್ಕೆ ಜೋಡಿಸಿದ್ದ ಮೊಬೈಲ್ ನಂಬರ್ ಮಾತ್ರ ಅವರದ್ದೇ ಉಳಿಯಿತು. ದಂಡದ ಎಸ್ಸೆಮ್ಮೆಸ್ ಹೋಗುವುದು ಆ ನಂಬರಿಗೆ. 2023ರ ದಸರಾ ರಜೆ ಕಳೆದು ಹತ್ತು ದಿನಕ್ಕೆ ಅವರು ಫೋನ್ ಮಾಡಿದರು. "ಸಾರ್, ಕಾರು ಕೇರಳಕ್ಕೆ ಹೋಗಿತ್ತಾ? ನಂಗೆ 500 ರೂಪಾಯಿ ಕಟ್ಟಿ ಅಂತ ಬಂದಿದೆ." ಮಾರಿದವರ ಕೈಯಲ್ಲಿ ಹೀಗೆ ಕೇಳಿಸಿಕೊಳ್ಳುವುದು ನಾಚಿಕೆಯ ವಿಷಯ ಅಲ್ವಾ? ಅವತ್ತೇ ಆಪ್ ಹಾಕಿಕೊಂಡೆ.

ಮಗಳು ಕಣ್ಣೂರಿನಲ್ಲಿದ್ದಾಳೆ. ಎರಡು ತಿಂಗಳಿಗೊಮ್ಮೆ ಅರಕಲಗೂಡು, ಕುಶಾಲನಗರ, ವಿರಾಜಪೇಟೆ ಹಾದು ಮಾಕುಟ್ಟ ಘಾಟಿ ಇಳಿಯುತ್ತೇವೆ. ಕೂಟುಪುಳ ಸೇತುವೆ ದಾಟಿದರೆ ಕೇರಳ. ಅಲ್ಲಿ 2023ರ ಜೂನ್ 5ರಿಂದ ಕ್ಯಾಮೆರಾಗಳೇ ದಂಡ ಹಾಕುತ್ತಿವೆ. ಸೀಟ್ ಬೆಲ್ಟ್ ಇಲ್ಲದಿದ್ದರೆ 500, ಫೋನ್ ಹಿಡಿದರೆ 2000, ಜೋರಾಗಿ ಓಡಿಸಿದರೆ 1500.

ಆಪ್ ಕೊಟ್ಟ ಚಲನ್ ನಂಬರ್ ಹಿಡಿದು ಸರ್ಕಾರದ ಇ-ಚಲನ್ ಸೈಟಿಗೆ ಹೋದೆ. ಅಲ್ಲಿ ಫೋಟೊ ತೆರೆದುಕೊಂಡಿತು. ನಾನು ಬೆಲ್ಟ್ ಹಾಕಿಕೊಂಡು ಸ್ಕೂಲ್ ಹುಡುಗನ ಹಾಗೆ ನೆಟ್ಟಗೆ ಕೂತಿದ್ದೇನೆ. ಪಕ್ಕದಲ್ಲಿ ಹೆಂಡತಿ. ಬೆಲ್ಟ್ ಇಲ್ಲ. ಹಿಂದಿನ ಸೀಟಿನಲ್ಲಿದ್ದ ಡಬ್ಬಿ ಎಟುಕಿಸಿಕೊಳ್ಳಲು ಬಿಚ್ಚಿದ್ದಳು. ಒಂದು ಕೊಡುಬಳೆ ನನ್ನ ಬಾಯಿಯ ಹತ್ತಿರ ಬಂದು ನಿಂತಿದೆ. ನಾನು ಬಾಯಿ ತೆರೆದಿದ್ದೇನೆ. ಕೆಳಗೆ ತಾರೀಕು, ಗಂಟೆ, ಸೆಕೆಂಡ್ ಸಮೇತ.

ಮಗಳ ಮದುವೆ ಆಲ್ಬಮ್ ಬಿಟ್ಟರೆ ನಾವಿಬ್ಬರೂ ಜೊತೆಗಿರುವ ಇಷ್ಟು ಚೆಂದದ ಫೋಟೊ ನಮ್ಮ ಹತ್ತಿರ ಇರಲಿಲ್ಲ. 500 ರೂಪಾಯಿ ಖುಷಿಯಿಂದಲೇ ಕಟ್ಟಿದೆ. ಆಪ್‌ಗೆ ಐದು ಸ್ಟಾರ್ ಒತ್ತಿದೆ. ಫೋಟೊ ಕೊಟ್ಟಿದ್ದು ಸರ್ಕಾರ, ಸ್ಟಾರ್ ಸಿಕ್ಕಿದ್ದು ಆಪ್‌ಗೆ. ಆಗ ಹೊಳೆಯಲಿಲ್ಲ.

ಹಾಸನದಲ್ಲಿ ಒಂದು ಮಾತಿದೆ, ಹೊರರಾಜ್ಯದ ಗಾಡಿ ಕಂಡರೆ ಜಾಸ್ತಿ ಹಾಕ್ತಾರೆ ಅಂತ. ಹಾಗಿಲ್ಲ. ಸೀಟ್ ಬೆಲ್ಟಿಗೆ ಕೇಂದ್ರದ ಕಾನೂನಿನಲ್ಲಿ ಇರುವುದು 1000. ಕರ್ನಾಟಕ 2019ರ ಸೆಪ್ಟೆಂಬರಿನಲ್ಲಿ ಅದನ್ನು 500ಕ್ಕೆ ಇಳಿಸಿತು, ಕೇರಳದಲ್ಲೂ 500. ತಮಿಳುನಾಡಿನಲ್ಲಿ 1000. ದರ ಬದಲಾಗುವುದು ರಾಜ್ಯ ನೋಡಿ, ನಂಬರ್ ಪ್ಲೇಟ್ ನೋಡಿ ಅಲ್ಲ. ನನ್ನ ಹತ್ತಿರ ಹೊರರಾಜ್ಯ ಅಂತ ಹೆಚ್ಚು ಕಿತ್ತಿದ್ದು ಇದೇ ಆಪ್.

2025ರ ಜುಲೈನಲ್ಲಿ ಇರಿಟ್ಟಿ ದಾಟಿದ ಮೇಲೆ ಆಕ್ಸಿಲರೇಟರ್ ಮೇಲಿನ ಕಾಲು ಸ್ವಲ್ಪ ಭಾರವಾಯಿತು. 1500 ಬಂತು. ತಪ್ಪು ನನ್ನದೇ. ಕಟ್ಟೋಣ ಅನ್ನುವಷ್ಟರಲ್ಲಿ ಆಗಸ್ಟ್ 23ರಿಂದ ಅರ್ಧ ದಂಡದ ರಿಯಾಯಿತಿ ಅಂತ ಆಪ್ ತುಂಬ ಕೆಂಪು ಪಟ್ಟಿ. 750 ಉಳಿಯುತ್ತಲ್ಲ, ಒಂದು ಟ್ರಿಪ್ಪಿನ ಅರ್ಧ ಪೆಟ್ರೋಲ್ ಆಯಿತು ಅಂತ ಕಾದೆ. ಆ ರಿಯಾಯಿತಿ ಕರ್ನಾಟಕ ಪೊಲೀಸರು ಹಾಕಿದ ಹಳೇ ಕೇಸುಗಳಿಗೆ ಮಾತ್ರ. ಕೇರಳದ ಚಲನ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಆಪ್ ಅದನ್ನು ಎಲ್ಲೂ ಹೇಳಲಿಲ್ಲ.

ಕೊನೆಗೆ ಪೂರ್ತಿ ಕಟ್ಟಲು ಹೋದರೆ 1649. ಕನ್ವೀನಿಯನ್ಸ್ ಫೀ, ಅದರ ಕೆಳಗೆ "ಅದರ್ ಸ್ಟೇಟ್" ಅಂತ ಇನ್ನೊಂದು ಸಾಲು. ಹಲ್ಲು ಕಚ್ಚಿ ಕಟ್ಟಿದೆ. ಹನ್ನೊಂದು ದಿನ "ಪ್ರೊಸೆಸಿಂಗ್". ಅಷ್ಟರಲ್ಲಿ ಗಡುವು ಮೀರಿ ಚಲನ್ ವರ್ಚುವಲ್ ಕೋರ್ಟಿಗೆ, ಅಂದರೆ ಆನ್‌ಲೈನಿನಲ್ಲೇ ನಡೆಯುವ ಕೋರ್ಟಿಗೆ, ಹೋಯಿತು. ಆಪ್ 1500 ವಾಪಸ್ ಹಾಕಿತು. ಮೇಲಿನ 149? "ಸೇವೆಗೆ ಧನ್ಯವಾದ" ಅನ್ನುವ ಮೆಸೇಜ್ ಬಂತು. ಯಾರ ಸೇವೆ, ಯಾರಿಗೆ ಧನ್ಯವಾದ, ದೇವರಿಗೇ ಗೊತ್ತು. ಕಸ್ಟಮರ್ ಕೇರ್ ಹುಡುಗ ಪಾಪ ಒಳ್ಳೆಯವನು. ಆರು ಸಲ ಸಾರಿ ಅಂದ. ದುಡ್ಡು ಅವನ ಕೈಯಲ್ಲಿಲ್ಲ.

ಹೀಗೆ ಸಿಕ್ಕಿಹಾಕಿಕೊಂಡವರಿಗೆ ಒಂದು ವಿಷಯ. ಕೋರ್ಟಿಗೆ ಹೋದ ಚಲನ್ ಇ-ಚಲನ್ ಸೈಟಿನಲ್ಲಿ ಕಟ್ಟಲು ಬರುವುದಿಲ್ಲ. ವರ್ಚುವಲ್ ಕೋರ್ಟಿನ ಸೈಟೇ ಬೇರೆ. ಅದರಲ್ಲಿ ಕೇರಳ ಪೊಲೀಸ್ ಬೇರೆ, ಕೇರಳ ಸಾರಿಗೆ ಇಲಾಖೆ ಬೇರೆ. ನಾನು ಅರ್ಧ ಗಂಟೆ ಪೊಲೀಸ್ ಕಡೆ ಹುಡುಕಿದೆ. ಕ್ಯಾಮೆರಾ ಸಾರಿಗೆ ಇಲಾಖೆಯದ್ದು, ಕೇಸು ಆ ಕಡೆ ಕೂತಿತ್ತು. ವಾಟ್ಸಾಪಿನಲ್ಲಿ ಚಲನ್ ಅಂತ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆಪ್ ಹಾಕುವ ಫೈಲ್) ಬಂದರೆ ಮಾತ್ರ ಮುಟ್ಟಬೇಡಿ, ಅದು ಕಳ್ಳರದ್ದು. ಇ-ಚಲನ್, ವರ್ಚುವಲ್ ಕೋರ್ಟ್ ಎರಡೂ ಸೈಟಿನ ವಿಳಾಸ ಗವ್ ಡಾಟ್ ಇನ್ ಅಂತಲೇ ಮುಗಿಯುತ್ತದೆ.

ಸಿಟ್ಟಿನಲ್ಲಿ ಆಪ್ ತೆಗೆದುಹಾಕಿದೆ. ಮೂರು ವಾರಕ್ಕೆ ಮತ್ತೆ ಹಾಕಿಕೊಂಡೆ. ಯಾಕೆ ಅಂದರೆ ಎಮಿಷನ್ ತಾರೀಕು ಮರೆತೇ ಹೋಗಿತ್ತು, ಮೊದಲು ಆಪ್ ಹದಿನೈದು ದಿನ ಮುಂಚೆ ನೆನಪಿಸುತ್ತಿತ್ತು. ಆರ್‌ಸಿಯಲ್ಲಿ ನನ್ನ ನಂಬರ್ ಈಗ ಸೇರಿದೆ. ಆದರೂ ಭಾನುವಾರದ ಅಭ್ಯಾಸ ಬಿಡಲಾಗಲಿಲ್ಲ. ನೋಡುವುದಕ್ಕೆ ನಾಲ್ಕು ಸ್ಟಾರ್. ಕಟ್ಟುವುದಕ್ಕೆ ಒಂದು, ಅದೂ ಆ ಹುಡುಗನ ಮುಖ ನೋಡಿ.

ಕೊಡುಬಳೆ ಡಬ್ಬಿ ಈಗ ಹೆಂಡತಿಯ ತೊಡೆ ಮೇಲೆ, ಬೆಲ್ಟಿನ ಒಳಗೆ ಕೂರುತ್ತದೆ. ಕೂಟುಪುಳ ಸೇತುವೆ ಬಂದಾಗ ಒಂದು ಸಲ ತಲೆಗೂದಲು ಸರಿಮಾಡಿಕೊಳ್ಳುತ್ತಾಳೆ. ಕೇಳಿದರೆ, "ಫೋಟೊ ತೆಗೆದ್ರೆ ಚೆನ್ನಾಗಿ ಬರ್ಲಿ ಅಂತ" ಅನ್ನುತ್ತಾಳೆ.